ಕೂಸು ಹುಟ್ಟಿದ ಕೂಡಲೇ ಅಳದಿದ್ದರೆ? ಹಳ್ಳಿಯ ಪಿಎಚ್‌ಸಿಯಲ್ಲಿ ಹೆರಿಗೆ ಮಾಡಿಸಬಹುದಾ?

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲೆ, ಹುಣಸಗಿ ತಾಲ್ಲೂಕಿನ ಹಳ್ಳಿ. ನಾಲ್ಕು ತಿಂಗಳ ಹಿಂದೆ ನನ್ನ ತಂಗಿಗೆ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಹೆರಿಗೆ ಆಯಿತು. ಕೂಸು ಅಳಲಿಲ್ಲ. ತಲೆಕೆಳಗೆ ಹಿಡಿದು ಬೆನ್ನಿಗೆ ಬಡಿದರು, ಮೂಗಿನ ಹತ್ತಿರ ಆಕ್ಸಿಜನ್ ಪೈಪ್ ಹಿಡಿದರು. ಐದಾರು ನಿಮಿಷ ಆದ ಮೇಲೆ ಸಣ್ಣಗೆ ನರಳಿತು. 108ರಲ್ಲಿ ಕಲಬುರಗಿಗೆ ಒಯ್ದೆವು, ದಾರಿಯಲ್ಲಿ ಫಿಟ್ಸ್ ಬಂತು. 11 ದಿನ ಎನ್‌ಐಸಿಯುನಲ್ಲಿ (ಕೂಸಿನ ಐಸಿಯು) ಇದ್ದು ಮನೆಗೆ ಬಂದಿದೆ. ಈಗ ನನ್ನ ಹೆಂಡತಿಗೆ ಏಳು ತಿಂಗಳು. ನಮ್ಮ ಪಿಎಚ್‌ಸಿಯಲ್ಲಿ ಮೆಷಿನ್ ಇಲ್ಲ, ಅಲ್ಲಿ ಬೇಡ ಅಂತ ಎಲ್ಲರೂ ಹೇಳುತ್ತಾರೆ. ಕಲಬುರಗಿಯಲ್ಲಿ ರೂಮ್ ಮಾಡಿ ಇರಬೇಕಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಹೆಂಡತಿಗೆ ಬೇರೆ ತೊಂದರೆ ಏನೂ ಇಲ್ಲದಿದ್ದರೆ ಪಿಎಚ್‌ಸಿಯಲ್ಲಿ ಹೆರಿಗೆ ಮಾಡಿಸಬಹುದು. ಆದರೆ ಒಂದು ಷರತ್ತು ಇದೆ. ಆ ಲೇಬರ್ ರೂಮಿನಲ್ಲಿ ಕೂಸಿನ ಅಂಬು ಬ್ಯಾಗ್, ಅಂದರೆ ಕೈಯಿಂದ ಒತ್ತಿ ಉಸಿರು ಕೊಡುವ ಚೀಲ, ಕೈಗೆಟುಕುವ ಜಾಗದಲ್ಲಿ ಇರಬೇಕು, ಮತ್ತು ಅದನ್ನು ಹಿಡಿದು ರೂಢಿ ಇರುವ ಸಿಸ್ಟರ್ ಆ ಹೊತ್ತಿಗೆ ಡ್ಯೂಟಿಯಲ್ಲಿ ಇರಬೇಕು. ಇವೆರಡು ಇಲ್ಲದಿದ್ದರೆ ಎಷ್ಟು ದೊಡ್ಡ ಕಟ್ಟಡ ಇದ್ದರೂ, ಸರ್ಕಾರಿ ಇರಲಿ ಪ್ರೈವೇಟ್ ಇರಲಿ, ನಾನು ನನ್ನ ಮನೆಯವರನ್ನು ಅಲ್ಲಿಗೆ ಕಳಿಸುವುದಿಲ್ಲ.

ನೀವು ಬರೆದದ್ದನ್ನು ಓದುವಾಗ ನನ್ನ ಕಣ್ಣು ನಿಂತಿದ್ದು ಮೆಷಿನ್ ಅನ್ನುವ ಪದದ ಮೇಲಲ್ಲ. 'ಮೂಗಿನ ಹತ್ತಿರ ಆಕ್ಸಿಜನ್ ಪೈಪ್ ಹಿಡಿದರು' ಅನ್ನುವ ಮಾತಿನ ಮೇಲೆ. ಈ ಭಾಗದ ಲೇಬರ್ ರೂಮುಗಳಲ್ಲಿ ಕೂಸುಗಳನ್ನು ನೋಡುತ್ತಾ, ಸಿಸ್ಟರ್‌ಗಳಿಗೆ ತರಬೇತಿ ಕೊಡುತ್ತಾ ವರ್ಷಗಳೇ ಆಗಿವೆ, ನಾನು ಅತಿ ಹೆಚ್ಚು ಸಲ ಕಂಡ ತಪ್ಪು ಅದೇ.

ಯಾಕೆ ತಪ್ಪು ಅಂತ ಹೇಳುತ್ತೇನೆ. ಹೊಟ್ಟೆಯೊಳಗೆ ಇರುವಾಗ ಕೂಸಿನ ಶ್ವಾಸಕೋಶದಲ್ಲಿ ಗಾಳಿ ಇರುವುದಿಲ್ಲ, ನೀರು ತುಂಬಿರುತ್ತದೆ. ಆಗ ಉಸಿರಿನ ಕೆಲಸ ಮಾಡುವುದು ಮಾಸು, ನಮ್ಮ ಕಡೆ ಕಸ ಅಂತಾರಲ್ಲ, ಅದು. ಹುಟ್ಟಿದ ಮೇಲೆ ಮೊದಲ ಕೆಲವು ಉಸಿರು ಜೋರಾಗಿ ಎಳೆದುಕೊಂಡಾಗ ಆ ನೀರು ಸರಿದು ಗಾಳಿಗೆ ಜಾಗ ಆಗುತ್ತದೆ. ಉಸಿರೇ ಎಳೆಯದ ಕೂಸಿನ ಮೂಗಿನ ಮುಂದೆ ಆಕ್ಸಿಜನ್ ಹಿಡಿದರೆ ಬಾಯಿ ಮುಚ್ಚಿದ ಕೊಡದ ಮೇಲೆ ನೀರು ಸುರಿದ ಹಾಗೆ. ಎಲ್ಲಾ ಹೊರಗೇ ಹೋಗುತ್ತದೆ. ಯಾರಾದರೂ ಗಾಳಿಯನ್ನು ಒಳಗೆ ತಳ್ಳಬೇಕು. ಅದಕ್ಕೆ ಇರುವುದೇ ಅಂಬು ಬ್ಯಾಗ್. ಕೈಯಲ್ಲಿ ಹಿಡಿಯುವಷ್ಟು ದೊಡ್ಡ ರಬ್ಬರ್ ಚೀಲ, ಅದರ ತುದಿಗೆ ಪುಟ್ಟ ಮಾಸ್ಕ್. ಕರೆಂಟ್ ಬೇಡ, ಸಿಲಿಂಡರ್ ಕೂಡ ಬೇಡ. ದಿನ ತುಂಬಿದ ಕೂಸಿಗೆ ಶುರುವಿನಲ್ಲಿ ಕೋಣೆಯ ಗಾಳಿಯೇ ಸಾಕು ಅಂತ ಈಗಿನ ಎಲ್ಲಾ ಮಾರ್ಗಸೂಚಿಗಳೂ ಹೇಳುತ್ತವೆ.

ಎಲ್ಲಾ ಕೂಸಿಗೂ ಇದು ಬೇಕಾಗುವುದಿಲ್ಲ. ದಿನ ತುಂಬಿ ಹುಟ್ಟುವ 100 ಕೂಸುಗಳಲ್ಲಿ ಸುಮಾರು 85 ತಾವಾಗಿಯೇ 10ರಿಂದ 30 ಸೆಕೆಂಡಿನಲ್ಲಿ ಉಸಿರಾಡುತ್ತವೆ. ಇನ್ನು ಹತ್ತಕ್ಕೆ ಒಣಬಟ್ಟೆಯಲ್ಲಿ ಒರೆಸಿ, ಬೆನ್ನು ಎರಡು ಮೂರು ಸಲ ಉಜ್ಜಿದರೆ ಆಯಿತು. ಉಳಿದ ಸುಮಾರು ಐದು ಕೂಸುಗಳಿಗೆ ಬ್ಯಾಗ್ ಬೇಕು. ಎದೆ ಒತ್ತುವುದು, ಔಷಧ ಹಾಕುವುದು ಇವೆಲ್ಲ ಸಾವಿರಕ್ಕೆ ಒಂದೋ ಎರಡೋ. ಅಂದರೆ ಅಳದ ಕೂಸನ್ನು ಉಳಿಸುವ ಕೆಲಸ ಹೆಚ್ಚುಕಮ್ಮಿ ಎಲ್ಲಾ ಬಟ್ಟೆ, ಕೈ, ಬ್ಯಾಗ್ ಇಷ್ಟರಲ್ಲೇ ಮುಗಿಯುತ್ತದೆ. ಆದರೆ ಹೊತ್ತು ಮೀರಬಾರದು. ಹುಟ್ಟಿ ಒಂದು ನಿಮಿಷ ಆಗುವಷ್ಟರಲ್ಲಿ ಬ್ಯಾಗಿನ ಗಾಳಿ ಒಳಗೆ ಹೋಗಿರಬೇಕು. ತರಬೇತಿಯಲ್ಲಿ ಇದನ್ನೇ ಬಂಗಾರದ ನಿಮಿಷ ಅಂತ ಕಲಿಸುತ್ತಾರೆ.

ತಲೆಕೆಳಗೆ ಹಿಡಿಯುವುದು, ಬಡಿಯುವುದು, ತಣ್ಣೀರು ಚಿಮುಕಿಸುವುದು ಇವೆಲ್ಲ ಆ ನಿಮಿಷವನ್ನು ತಿನ್ನುತ್ತವೆ, ಕೂಸಿಗೆ ಪೆಟ್ಟೂ ಆಗುತ್ತದೆ. ಸುಮ್ನೆ ಮತ್ತೆ ಮತ್ತೆ ಪೈಪ್ ಹಾಕಿ ಬಾಯಿ ಗಂಟಲು ಎಳೆಯುವುದೂ ಅಷ್ಟೇ. ಗಂಟಲಿನ ಆಳಕ್ಕೆ ಪೈಪ್ ಹೋದರೆ ಕೂಸಿನ ಎದೆಬಡಿತವೇ ನಿಧಾನ ಆಗುತ್ತದೆ. ಹಿಂದೆ ಕೂಸು ಹೊಟ್ಟೆಯಲ್ಲೇ ಮಲ ಮಾಡಿದ್ದರೆ ಎಲ್ಲರಿಗೂ ಸಕ್ಷನ್ ಅಂತ ಇತ್ತು, ಈಗ ಆ ಪದ್ಧತಿ ಇಲ್ಲ.

ಒಂದು ರಾತ್ರಿಯ ಕಥೆ ಹೇಳುತ್ತೇನೆ. ಊರು, ಆಸ್ಪತ್ರೆ ಯಾವುದು ಅಂತ ಬೇಡ. ತರಬೇತಿಗೆ ಅಂತ ಹೋದವನು ಅಲ್ಲೇ ಉಳಿದಿದ್ದೆ. ಚೊಚ್ಚಲ ಹೆರಿಗೆ, ತಲೆ ಹೊರಗೆ ಬರಲು ತಡವಾಗಿ ಕೂಸು ನೀಲಿಯಾಗಿ, ಒದ್ದೆ ಬಟ್ಟೆಯಂತೆ ಜೋತು ಬಿದ್ದಿತ್ತು. ಸಿಸ್ಟರ್ ಒರೆಸಿದರು, ಬೆನ್ನು ಉಜ್ಜಿದರು, ಸದ್ದಿಲ್ಲ. ಬ್ಯಾಗ್ ಅಂತ ಕೂಗಿದೆ. ಬ್ಯಾಗ್ ಬೀರುವಿನಲ್ಲಿತ್ತು, ಬೀರುವಿಗೆ ಬೀಗ, ಬೀಗದ ಕೈ ಹಗಲು ಡ್ಯೂಟಿಯವರ ಹತ್ತಿರ. ಕಳೆದುಹೋದರೆ ತಮ್ಮ ಸಂಬಳದಲ್ಲಿ ಕಟ್ಟಬೇಕಾದೀತು ಅನ್ನುವ ಹೆದರಿಕೆಗೆ ಬೀಗ ಹಾಕಿದ್ದರು, ದುರುದ್ದೇಶ ಏನೂ ಇರಲಿಲ್ಲ. ನನ್ನ ತರಬೇತಿಯ ಗೊಂಬೆ ಜೊತೆ ತಂದಿದ್ದ ಬ್ಯಾಗ್ ಕಾರಿನಲ್ಲಿತ್ತು, ಓಡಿ ಹೋಗಿ ತಂದೆ. ಆ ಸಿಸ್ಟರ್ ಅವತ್ತು ಮಧ್ಯಾಹ್ನವಷ್ಟೇ ಗೊಂಬೆಯ ಮೇಲೆ ಇಪ್ಪತ್ತು ಸಲ ಮಾಡಿದ್ದರು. ಕೂಸಿನ ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮಾಸ್ಕ್ ಕೂರಿಸಿ ಒತ್ತಿದರು. ಎದೆ ಏಳಲಿಲ್ಲ. ಪಕ್ಕದಿಂದ ಗಾಳಿ ಸೋರುವ ಪುಸ್ ಅನ್ನುವ ಸದ್ದು ಕೇಳಿಸಿತು. ಮಾಸ್ಕ್ ತೆಗೆದು ಮತ್ತೆ ಕೂರಿಸಿದರು, ಹೆಬ್ಬೆರಳು ತೋರುಬೆರಳು ಮಾಸ್ಕಿನ ಮೇಲೆ, ಉಳಿದ ಮೂರು ಬೆರಳು ಗದ್ದದ ಎಲುಬಿನ ಕೆಳಗೆ. ಈ ಸಲ ಆ ಪುಟ್ಟ ಎದೆ ಎದ್ದಿತು. 'ಒತ್ತು, ಎರಡು, ಮೂರು. ಒತ್ತು, ಎರಡು, ಮೂರು' ಅಂತ ಅವರು ಬಾಯಲ್ಲಿ ಎಣಿಸುತ್ತಿದ್ದರು. ನಿಮಿಷಕ್ಕೆ 40ರಿಂದ 60 ಸಲ ಒತ್ತಬೇಕು, ಆ ಎಣಿಕೆ ಅದಕ್ಕೇ. ನನ್ನ ಬೆರಳು ಹೊಕ್ಕುಳ ಬಳ್ಳಿಯ ಬುಡದಲ್ಲಿ ಇತ್ತು. ಮೊದಲು ಬಡಿತ ಜೋರಾಯಿತು, ಆಮೇಲೆ ತುಟಿ ಕೆಂಪಾಯಿತು, ಆಮೇಲೆ ಒಂದು ಬಿಕ್ಕು, ಕಡೆಗೆ ಅಳು. ಹೊರಗೆ ಕೂತಿದ್ದ ಅಜ್ಜಿಗೆ ಆ ಅಳು ಮಾತ್ರ ಕೇಳಿಸಿತು. ಒಳಗೆ ಏನಾಯಿತು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಆ ಸಿಸ್ಟರ್‌ಗೆ ತರಬೇತಿ ಮೊದಲೇ ಆಗಿತ್ತು, ಮೂರು ವರ್ಷದ ಹಿಂದೆ. ಸರ್ಟಿಫಿಕೇಟ್ ಗೋಡೆ ಮೇಲೆ ಇತ್ತು. ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ ಅಂತ ಕೇಂದ್ರ ಸರ್ಕಾರದ ಎರಡು ದಿನದ ತರಬೇತಿ 2009ರಿಂದ ನಡೆಯುತ್ತಿದೆ, ಒಳ್ಳೆಯ ತರಬೇತಿ. ತೊಂದರೆ ಇರುವುದು ಆಮೇಲೆ. ಲೆಕ್ಕ ಹಾಕಿ ನೋಡಿ. ತಿಂಗಳಿಗೆ 10 ಹೆರಿಗೆ ಆಗುವ ಪಿಎಚ್‌ಸಿ ಅಂದರೆ ವರ್ಷಕ್ಕೆ 120. ಅದರಲ್ಲಿ ಬ್ಯಾಗ್ ಬೇಕಾಗುವುದು ಆರು ಕೂಸಿಗೆ. ಮೂವರು ಸಿಸ್ಟರ್‌ಗಳಲ್ಲಿ ಹಂಚಿದರೆ ಒಬ್ಬೊಬ್ಬರಿಗೆ ವರ್ಷಕ್ಕೆ ಎರಡು. ವರ್ಷಕ್ಕೆ ಎರಡು ಸಲ ರೊಟ್ಟಿ ತಟ್ಟುವವರಿಗೆ ರೊಟ್ಟಿ ದುಂಡಗೆ ಬರುತ್ತದಾ? ಕೈ ಮರೆಯುತ್ತದೆ, ಅದು ಅವರ ತಪ್ಪಲ್ಲ. ಎರಡು ದಿನದ ಪಾಠದ ಚಳಕ ಕೆಲವೇ ತಿಂಗಳಲ್ಲಿ ಕರಗುತ್ತದೆ ಅಂತ ಬೇಕಾದಷ್ಟು ಅಧ್ಯಯನಗಳು ತೋರಿಸಿವೆ. ಇದಕ್ಕೆ ಮದ್ದು ಮತ್ತೊಂದು ದೊಡ್ಡ ತರಬೇತಿ ಅಲ್ಲ, ಲೇಬರ್ ರೂಮಿನಲ್ಲೇ ಒಂದು ಗೊಂಬೆ ಇಟ್ಟು, ಡ್ಯೂಟಿ ಬದಲಾಗುವಾಗ ಐದು ನಿಮಿಷ ಕೈ ಆಡಿಸುವುದು.

ಇದು ನನ್ನ ಮಾತಷ್ಟೇ ಅಲ್ಲ. ನಮ್ಮದೇ ಬೆಳಗಾವಿ ಭಾಗದಲ್ಲಿ ಹೆರಿಗೆ ಮಾಡಿಸುವವರಿಗೆ ಬ್ಯಾಗ್ ಮಾಸ್ಕ್ ಕಲಿಸಿ ಮುಂಚೆ, ಆಮೇಲೆ ಅಂತ ಹೋಲಿಸಿ ನೋಡಿದ ಅಧ್ಯಯನ 2013ರಲ್ಲಿ ಬಂತು. ಹೆರಿಗೆಯ ಹೊತ್ತಿನಲ್ಲಿ ಜೀವ ಹೋದವು ಅಂತ ಬರೆಯುವ ಕೂಸುಗಳ ಪ್ರಮಾಣ ನೂರಕ್ಕೆ 1.7ರಿಂದ 0.9ಕ್ಕೆ ಇಳಿಯಿತು. ಇದರಲ್ಲಿ ನನ್ನ ಹೊಟ್ಟೆ ಉರಿಸುವ ಒಂದು ಸಂಗತಿ ಇದೆ. 'ಸತ್ತು ಹುಟ್ಟಿದೆ' ಅಂತ ಬಟ್ಟೆ ಸುತ್ತಿ ಪಕ್ಕಕ್ಕೆ ಇಟ್ಟ ಕೂಸುಗಳಲ್ಲಿ ಕೆಲವಕ್ಕೆ ಎದೆಬಡಿತ ಇರುತ್ತದೆ. ಉಸಿರು ಇಲ್ಲ, ಅಷ್ಟೇ. ಯಾರೂ ಬ್ಯಾಗ್ ಹಿಡಿಯಲಿಲ್ಲ, ಅಷ್ಟೇ.

ಹಾಗಂತ ತರಬೇತಿ ಮತ್ತು ಪಟ್ಟಿ ಹಿಡಿದುಕೊಂಡು ಬಂದರೆ ಎಲ್ಲಾ ಸರಿಹೋಗುತ್ತದೆ ಅಂತಲೂ ಇಲ್ಲ. ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ಹೆರಿಗೆಯ ಚೆಕ್‌ಲಿಸ್ಟ್ ಕೊಟ್ಟು ಕೋಚಿಂಗ್ ಮಾಡಿದ ದೊಡ್ಡ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಸಿಬ್ಬಂದಿ ಕೆಲಸ ಮಾಡುವ ರೀತಿ ಸುಧಾರಿಸಿತು, ಆದರೆ ಸಾವು ಇಳಿಯಲಿಲ್ಲ. ಅದನ್ನು ಓದಿ ನನಗೂ ಬೇಜಾರಾಯಿತು. ಆದರೆ ರಾತ್ರಿ ಒಬ್ಬರೇ ಸಿಸ್ಟರ್ ಇದ್ದು, ತಾಯಿಗೆ ರಕ್ತ ಹೋಗುತ್ತಿದ್ದು, ಅದೇ ಹೊತ್ತಿಗೆ ಕೂಸು ಅಳದಿದ್ದರೆ ಅವರು ಎರಡು ಕೈಯಲ್ಲಿ ಏನೇನು ಹಿಡಿಯಬೇಕು ಹೇಳಿ. ಪಟ್ಟಿ ಅದಕ್ಕೆ ಉತ್ತರ ಕೊಡುವುದಿಲ್ಲ. ಲೇಬರ್ ರೂಮಿನಲ್ಲಿ ಯಾವಾಗಲೂ ಇಬ್ಬರು ಇರಬೇಕು, ಅದರಲ್ಲಿ ಒಬ್ಬರ ಕಣ್ಣು ಕೂಸಿನ ಮೇಲೇ ಇರಬೇಕು. ಸಂವಿಧಾನದ 371ಜೆ ವಿಧಿಯ ಅಡಿ ಈ ಭಾಗಕ್ಕೆ ಬರುವ ಹಣದಲ್ಲಿ ಮೊದಲ ಪಾಲು ಇದಕ್ಕೆ ಹೋಗಲಿ ಅನ್ನುವುದು ನನ್ನ ಆಸೆ. ಹೊಸ ಕಟ್ಟಡ ಆಮೇಲೆ ಕಟ್ಟಬಹುದು.

ನಮ್ಮ ಭಾಗದಲ್ಲಿ ಕೆಲಸ ಮಾಡಿದ ದಾರಿಯೊಂದನ್ನು ಇಲ್ಲಿ ನೆನೆಯಬೇಕು. ಸುಕ್ಷೇಮ ಅಂತ ಒಂದು ಯೋಜನೆ ಇತ್ತು. ಅನುಭವ ಇರುವ ನರ್ಸ್‌ಗಳನ್ನೇ ಮೆಂಟರ್ ಮಾಡಿ ಪಿಎಚ್‌ಸಿಗಳಿಗೆ ಕಳಿಸುತ್ತಿದ್ದರು. 2012ರ ಹೊತ್ತಿಗೆ ಬಳ್ಳಾರಿ, ಕಲಬುರಗಿ ಜಿಲ್ಲೆಯ 108 ಪಿಎಚ್‌ಸಿಗಳಲ್ಲಿ ಅದನ್ನು ಪರೀಕ್ಷೆ ಮಾಡಿ ನೋಡಿದರು. ಮೆಂಟರ್ ಬಂದು ಹೋದ ಕಡೆ ತಯಾರಿ ಮತ್ತು ಸಿಬ್ಬಂದಿಯ ತಿಳಿವಳಿಕೆ ಎರಡೂ ಸುಧಾರಿಸಿದವು. ಮೇಲಿಂದ ಬಂದು ಬೈದು ಹೋಗುವವರಲ್ಲ, ಪಕ್ಕದಲ್ಲಿ ನಿಂತು ಬ್ಯಾಗ್ ಜೋಡಿಸಿ ತೋರಿಸುವವರು. ಒಗೆದು ಒಣಗಿಸಿದ ಮೇಲೆ ಬ್ಯಾಗಿನ ವಾಲ್ವ್ ಉಲ್ಟಾ ಜೋಡಿಸಿಟ್ಟದ್ದನ್ನು ನಾನೇ ಕಂಡಿದ್ದೇನೆ. ನೋಡಲು ಬ್ಯಾಗ್ ಇದೆ, ರಿಜಿಸ್ಟರಿನಲ್ಲೂ ಇದೆ, ಒತ್ತಿದರೆ ಗಾಳಿ ಹೋಗುವುದಿಲ್ಲ. ಮಾಸ್ಕನ್ನು ಅಂಗೈಗೆ ಬಿಗಿಯಾಗಿ ಹಿಡಿದು ಒಮ್ಮೆ ಒತ್ತಿ ನೋಡಿದರೆ ಐದು ಸೆಕೆಂಡಿನಲ್ಲಿ ಗೊತ್ತಾಗುತ್ತದೆ.

ಇನ್ನು ಚಳಿಯ ವಿಷಯ. ಯಾದಗಿರಿಯಲ್ಲಿ ಚಳಿನಾ ಅಂತ ಕೇಳಬೇಡಿ. ಏಪ್ರಿಲ್ ಮೇ ತಿಂಗಳಲ್ಲಿ, ಹೊರಗೆ ಬಿಸಿಲು ಸುಡುವಾಗ, ಇಲ್ಲಿನ ಕೂಸುಗಳು ತಣ್ಣಗಾಗಿ ಬರುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಸೆಕೆ ಅಂತ ಲೇಬರ್ ರೂಮಿನ ಫ್ಯಾನ್ ಫುಲ್ ಸ್ಪೀಡಿನಲ್ಲಿ ಇರುತ್ತದೆ, ಅದರ ಕೆಳಗೇ ಒದ್ದೆ ಕೂಸನ್ನು ತೂಕಕ್ಕೆ ಇಡುತ್ತಾರೆ. ಒದ್ದೆ ಮೈಗೆ ಗಾಳಿ ಬಡಿದರೆ ಏನಾಗುತ್ತದೆ ಅಂತ ನಮ್ಮ ಮಣ್ಣಿನ ಗಡಿಗೆಯ ನೀರೇ ಹೇಳುತ್ತದೆ. ಕೂಸಿನ ಮೈ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಉಸಿರು, ಸಕ್ಕರೆ ಅಂಶ ಎಲ್ಲವೂ ಕುಸಿಯಲು ಶುರು. ಕೂಸನ್ನು ಬೆಚ್ಚಗಿಡುವ ವಾರ್ಮರ್ ಇದ್ದರೆ ಒಳ್ಳೆಯದು, ಆದರೆ ಕರೆಂಟ್ ಹೋದರೆ ಅದೊಂದು ಮಂಚ ಅಷ್ಟೇ. ಉಸಿರಾಡುತ್ತಿರುವ ಕೂಸಿಗೆ ಕರೆಂಟ್ ಬೇಡದ ವಾರ್ಮರ್ ತಾಯಿಯ ಎದೆ. ಒರೆಸಿ, ಬರಿ ಮೈಗೆ ಬರಿ ಮೈ ತಾಗಿಸಿ ಮಲಗಿಸಿ, ಮೇಲೆ ಒಣಬಟ್ಟೆ, ತಲೆಗೆ ಟೋಪಿ. ಬಳ್ಳಿ ಕತ್ತರಿಸಲು ಒಂದು ನಿಮಿಷವಾದರೂ ಕಾಯುವುದು, ಒಂದು ಗಂಟೆಯೊಳಗೆ ಮೊಲೆಹಾಲು, ಮೊದಲ ದಿನ ಸ್ನಾನ ಬೇಡವೇ ಬೇಡ. ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸುವುದೂ ಬೇಡ. ಅಜ್ಜಿಗೆ ಪ್ರೀತಿಯಿಂದಲೇ ಹೇಳಿ, ಆದರೆ ಗಟ್ಟಿಯಾಗಿ ಹೇಳಿ.

ಮನೆಯವರಿಗೆ ನೇರವಾಗಿ ಹೇಳಬೇಕಾದ ಒಂದು ಮಾತಿದೆ. 'ಬೇಗ ಆಗಲಿ, ನೋವು ಬರಿಸುವ ಇಂಜೆಕ್ಷನ್ ಹಾಕಿಬಿಡಿ' ಅಂತ ದಯವಿಟ್ಟು ಒತ್ತಾಯ ಮಾಡಬೇಡಿ. ಹೆರಿಗೆಗೆ ಮುಂಚೆ ಲೆಕ್ಕವಿಲ್ಲದೆ ಕೊಟ್ಟ ಆಕ್ಸಿಟೋಸಿನ್ ಗರ್ಭಕೋಶವನ್ನು ಬಿಡುವಿಲ್ಲದೆ ಹಿಂಡುತ್ತದೆ. ಎರಡು ನೋವಿನ ನಡುವಿನ ಬಿಡುವಿನಲ್ಲೇ ಕೂಸಿಗೆ ರಕ್ತ ಸರಿಯಾಗಿ ಹರಿಯುವುದು, ಆ ಬಿಡುವೇ ಹೋದರೆ ಕೂಸು ಒಳಗೇ ಉಸಿರುಗಟ್ಟುತ್ತದೆ. ಹೊಟ್ಟೆಯ ಮೇಲೆ ಹತ್ತಿ ಒತ್ತುವುದೂ ಬೇಡ. ಹುಟ್ಟಿದ ಮೇಲೆ ಅಳದ ಎಷ್ಟೋ ಕೂಸುಗಳ ತೊಂದರೆ ಶುರುವಾಗಿರುವುದು ಹುಟ್ಟುವ ಒಂದು ಗಂಟೆ ಮುಂಚೆ. ಹೆರಿಗೆ ನೋವು ಜೋರಾದ ಮೇಲೆ ಅರ್ಧ ಗಂಟೆಗೊಮ್ಮೆ, ಮುಕ್ಕುವ ಹೊತ್ತಿನಲ್ಲಿ ಐದು ನಿಮಿಷಕ್ಕೊಮ್ಮೆ ಕೂಸಿನ ಎದೆಬಡಿತ ಕೇಳಬೇಕು. ಅದು 110ಕ್ಕಿಂತ ಕೆಳಗೆ ಅಥವಾ 160ಕ್ಕಿಂತ ಮೇಲೆ ನಿಂತರೆ ಆಗಲೇ ಎಚ್ಚರ ಆಗಬೇಕು.

ಈಗ ನಿಮ್ಮ ಮನೆಯ ವಿಷಯ. ತಾಯಿ ಕಾರ್ಡ್ ತೆಗೆದು ನೋಡಿ. ಅವಳಿ, ಬಿಪಿ, ಹಿಂದೆ ಸಿಸೇರಿಯನ್, ಕೂಸು ಅಡ್ಡ ಅಥವಾ ಉಲ್ಟಾ, ರಕ್ತ (ಹಿಮೋಗ್ಲೋಬಿನ್) 7 ಗ್ರಾಂಗಿಂತ ಕಮ್ಮಿ, ದಿನ ತುಂಬುವ ಮುಂಚೆಯೇ ನೋವು, ಕೂಸಿನ ಆಟ ಕಮ್ಮಿ ಆಗಿರುವುದು, ಇದರಲ್ಲಿ ಒಂದು ಇದ್ದರೂ ಪಿಎಚ್‌ಸಿ ಬೇಡ. ಸಿಸೇರಿಯನ್ ಮತ್ತು ಕೂಸಿನ ಐಸಿಯು ಎರಡೂ ಇರುವ ಕಡೆಗೇ ಹೋಗಿ. ಅದಕ್ಕೆ ಕಲಬುರಗಿಯೇ ಆಗಬೇಕು ಅಂತಿಲ್ಲ, ಯಾದಗಿರಿಯ ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲೂ ನವಜಾತ ಶಿಶು ಘಟಕ ಇರುತ್ತದೆ. ರೂಮ್ ಮಾಡಿ ಇರುವ ಖರ್ಚು ಈ ಸಂದರ್ಭದಲ್ಲಿ ಸಾರ್ಥಕ. ಬೆಂಗಳೂರಿನಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಹೋಗಿ ಒಂಬತ್ತನೇ ತಿಂಗಳಿಗೆ ಊರಿಗೆ ಬರುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ, ಅವರ ಕೈಯಲ್ಲಿ ಕಾರ್ಡೂ ಇರುವುದಿಲ್ಲ ಸ್ಕ್ಯಾನೂ ಇರುವುದಿಲ್ಲ. ನಿಮ್ಮ ಓಣಿಯಲ್ಲಿ ಅಂಥವರು ಇದ್ದರೆ ಆಶಾ ಅಕ್ಕನಿಗೆ ಇವತ್ತೇ ಹೇಳಿ.

ಇವು ಯಾವುದೂ ಇಲ್ಲದಿದ್ದರೆ ಎಂಟನೇ ತಿಂಗಳಲ್ಲಿ ಒಂದು ದಿನ ನಿಮ್ಮ ಪಿಎಚ್‌ಸಿಗೆ ಹೋಗಿ. ಜಗಳದ ದನಿ ಬೇಡ. 'ಸಿಸ್ಟರ್, ನಮ್ಮ ತಂಗಿ ಕೂಸಿಗೆ ಹೀಗಾಯಿತು, ಭಯ ಇದೆ. ಕೂಸಿನ ಅಂಬು ಬ್ಯಾಗ್ ಎಲ್ಲಿ ಇಟ್ಟಿರುತ್ತೀರಿ?' ಅಂತ ಕೇಳಿ. ತಕ್ಷಣ ಕೈ ತೋರಿಸಿದರೆ ಅರ್ಧ ಸಮಾಧಾನ. ಸೊನ್ನೆ ಮತ್ತು ಒಂದನೇ ನಂಬರಿನ ಎರಡು ಸೈಜ್ ಮಾಸ್ಕ್ ಇದೆಯಾ, ರಾತ್ರಿ ಎಷ್ಟು ಜನ ಇರುತ್ತಾರೆ, 108 ಬರಲು ಎಷ್ಟು ಹೊತ್ತು ಅಂತಲೂ ಕೇಳಿ. ಮುಖ ಸಿಂಡರಿಸಿಕೊಂಡರೂ ಪರವಾಗಿಲ್ಲ, ಕೇಳುವ ಹಕ್ಕು ನಿಮಗಿದೆ. ನನ್ನ ಅನುಭವದಲ್ಲಿ ಹೆಚ್ಚಿನವರು ಸಿಂಡರಿಸಿಕೊಳ್ಳುವುದಿಲ್ಲ, ಕೇಳುವವರು ಇದ್ದಾರೆ ಅಂತ ಖುಷಿಯೇ ಪಡುತ್ತಾರೆ. ಮನೆಯಿಂದ ಮೂರು ನಾಲ್ಕು ಹಳೆಯ ಕಾಟನ್ ಸೀರೆಯ ತುಂಡು ತನ್ನಿ, ಒಗೆದು ಬಿಸಿಲಲ್ಲಿ ಒಣಗಿಸಿದ್ದು. ಕೂಸಿಗೆ ಹೊಸ ಬಟ್ಟೆ ಹಾಕಬಾರದು ಅನ್ನುವ ನಮ್ಮ ರೂಢಿ ಇಲ್ಲಿ ಅನುಕೂಲವೇ, ಹಳೆಯದು ನೀರು ಚೆನ್ನಾಗಿ ಹೀರುತ್ತದೆ. ಒಂದರಲ್ಲಿ ಒರೆಸಿ ಅದನ್ನು ಬಿಸಾಡಿ, ಇನ್ನೊಂದು ಒಣದರಲ್ಲಿ ಸುತ್ತಬೇಕು.

ದೊಡ್ಡ ಆಸ್ಪತ್ರೆಗೆ ರೆಫರ್ ಮಾಡಿದರೆ ಮೊದಲು ಕೂಸಿನ ಉಸಿರು ಸರಿಮಾಡಿ ಆಮೇಲೆ ಗಾಡಿ ಹತ್ತಿಸಬೇಕು. ಉಸಿರಿಲ್ಲದ ಕೂಸನ್ನು ಎತ್ತಿಕೊಂಡು ಓಡಿದರೆ ಆ ಓಟದಲ್ಲೇ ನಷ್ಟ ಆಗಿಬಿಡುತ್ತದೆ. ಮೆದುಳಿಗೆ ಒಮ್ಮೆ ಪೆಟ್ಟಾದ ಮೇಲೆ ಎಷ್ಟು ಕಷ್ಟ ಅಂದರೆ, ಶ್ರೀಮಂತ ದೇಶಗಳಲ್ಲಿ ಅಂಥ ಕೂಸುಗಳ ಮೈಯನ್ನು ಮೂರು ದಿನ ತಂಪು ಮಾಡುವ ಚಿಕಿತ್ಸೆಯಿಂದ ಲಾಭ ಇದೆ. ಅದನ್ನೇ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ಆಸ್ಪತ್ರೆಗಳಲ್ಲಿ ಮಾಡಿ ನೋಡಿದರೆ ಸಾವು ಕಮ್ಮಿ ಆಗಲಿಲ್ಲ, ಜಾಸ್ತಿಯೇ ಆಯಿತು ಅಂತ 2021ರಲ್ಲಿ ವರದಿ ಬಂತು. ಬಂಗಾರದ ನಿಮಿಷದ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದು ಅದಕ್ಕೇ.

ತಂಗಿಯ ಕೂಸಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಫಿಟ್ಸ್ ಬಂದಿತ್ತು ಅಂದಿರಿ. ಈಗ ನಾಲ್ಕು ತಿಂಗಳು. ಕತ್ತು ನಿಲ್ಲುತ್ತಿದೆಯಾ, ತಾಯಿಯ ಮುಖ ನೋಡಿ ನಗುತ್ತಿದೆಯಾ, ತಟ್ಟೆ ಬಿದ್ದ ಸದ್ದಿಗೆ ಬೆಚ್ಚುತ್ತದೆಯಾ, ಮುಷ್ಟಿ ಬಿಚ್ಚುತ್ತದೆಯಾ, ಡೈಪರ್ ಹಾಕುವಾಗ ಕಾಲು ಬಿಗಿ ಅನ್ನಿಸುತ್ತದೆಯಾ ನೋಡಿ. ಎಲ್ಲಾ ಸರಿ ಕಂಡರೂ ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರಕ್ಕೆ, ಅದನ್ನು ಡಿಇಐಸಿ ಅಂತ ಕರೆಯುತ್ತಾರೆ, ಒಮ್ಮೆ ತೋರಿಸಿ. ಕಿವಿಯ ಪರೀಕ್ಷೆ ಮಾಡಿಸಿ. ಡಿಸ್ಚಾರ್ಜ್ ಕಾಗದ ಜೊತೆಗಿರಲಿ. ಫಿಟ್ಸ್‌ನ ಔಷಧ ಕೊಟ್ಟಿದ್ದರೆ ವೈದ್ಯರು ಹೇಳದೆ ನಿಲ್ಲಿಸಬೇಡಿ. ಕತ್ತು ಇನ್ನೂ ನಿಲ್ಲದಿದ್ದರೆ ಈ ವಾರವೇ ಹೋಗಿ, 'ದೊಡ್ಡವನಾದಂತೆ ಸರಿಹೋಗುತ್ತದೆ' ಅಂತ ಯಾರು ಹೇಳಿದರೂ ಕಾಯಬೇಡಿ. ಫಿಸಿಯೋಥೆರಪಿ ಈ ವಯಸ್ಸಿನಲ್ಲಿ ಶುರು ಮಾಡಿದರೆ ಸಿಗುವ ಲಾಭ ಎರಡು ವರ್ಷಕ್ಕೆ ಶುರು ಮಾಡಿದರೆ ಸಿಗುವುದಿಲ್ಲ.